ಬೇಟ ನೋಡ ಬರ್ರಿ

“ನಾಕನೇ ಜಮಾತ ದಾಟಲಾರದವ ಮಂದಿಗಿ ಮಂಜ್ರಾ ಹೊಳಿ ದಾಟಸ್ತಾನಂತ!”

ಕೋರಗಿದ್ದದ ಸರಪಂಚ ಕಾಶಿರಾಮ ಇದನ್ನು ಬೇವಿನ ಕಟ್ಟೆಯ ಮೇಲೆ ಕೂತು, ಪಂಚಾಯ್ತಿಯ ಐದೂ ಮಂದಿಯ ಎದುರಿಗೆ ಅಂದ. ಅಂದದ್ದೂ ಮೆಲ್ಲಗಲ್ಲ. ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಜಹೀರಾಬಾದಿನ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಲಿ ಎಂದೇ ಗಂಟಲೇರಿಸಿ ಅಂದ. ಬೆಂಚಿನವರು ಕೇಳಿದರು, ನಕ್ಕರು. ನಗುವ ಭರದಲ್ಲಿ ಒಬ್ಬನ ಬಸಿಯ ಚಹಾ ಅವನದೇ ಧೋತರದ ಮೇಲೆ ಚೆಲ್ಲಿತು. ಅದಕ್ಕೆ ಇನ್ನೊಮ್ಮೆ ನಕ್ಕರು.

ಮಾಳಿಂಗಪ್ಪ ಕಟ್ಟೆಯ ಕೆಳಗೆ ನಿಂತಿದ್ದ. ಕುರಿ ಕಾಯುವ ಮನೆತನದವನು, ಇಪ್ಪತ್ತೆರಡರ ಪ್ರಾಯ. ಹೆಗಲ ಮೇಲಿನ ಕಂಬಳಿಯ ಅಂಚನ್ನು ಕೈಯಲ್ಲಿ ಹಿಂಡಿದ. ಇದು ಕಾಶಿರಾಮನ ಕತ್ತು ಅಲ್ಲವಲ್ಲ ಎಂಬ ಸಂಕಟಕ್ಕೆ ಇನ್ನೊಂದು ಸಲ ಹಿಂಡಿದ.

ಅವನು ಕೇಳಿದ್ದು ದೊಡ್ಡದೇನಲ್ಲ. ಊರ ಮುಂದೆ ಮಂಜ್ರಾ ನದಿ ಎರಡು ಸೀಳಾಗಿ ಮತ್ತೆ ಕೂಡುವಲ್ಲಿ, ನೀರಿನ ನಡುವೆ ನಾಲ್ಕೈದು ಎಕರೆ ನೆಲವಿದೆ. ಊರಿನವರು ಅದಕ್ಕೆ ಗಡ್ಡಿ ಅನ್ನುತ್ತಾರೆ. ಅದರ ತುಂಬ ಜಾಲಿ, ಹುಣಸೆ. ಆ ಗಿಡಗಳನ್ನು ಕಡಿದು ಇದ್ದಿಲು ಸುಡಲು ತಾಂಡೂರಿನ ಕಡೆಯ ಗುತ್ತೇದಾರನೊಬ್ಬ ಕೇಳಿಕೊಂಡು ಬಂದಿದ್ದ. ಕಾಶಿರಾಮ ಆಗಲೇ ಅರ್ಧ ತಲೆಯಾಡಿಸಿದ್ದ. ಮಾಳಿಂಗಪ್ಪ ಹೇಳಿದ್ದಿಷ್ಟು: ಕಡಿಯಬೇಡಿ, ಅಲ್ಲಿ ನೂರಾರು ಕೊಕ್ಕರೆಗಳು ಮರಿ ಮಾಡಿವೆ. ಪ್ಯಾಟಿಯ ಮಂದಿ ಐತ್ವಾರದ ರಜೆಗೊಮ್ಮೆ ಬಂದು ಹಾಯಾಗಿ ಇದ್ದುಹೋಗುವಂಥ ಜಾಗ ಅದು. ನಾನೇ ದಾಟಿಸಿ ತೋರಿಸುತ್ತೇನೆ. ಅಷ್ಟೇ.

“ನೋಡಾಕ ಏನದಲೇ ಅಲ್ಲಿ? ಹಕ್ಕಿ ಹೇತದ್ದು?” ಎಂದ ಕಾಶಿರಾಮ.

“ನೀವು ಒಮ್ಮೆರ ಹೋಗಿರೇನ್ರಿ?”

“ನಾ ಯಾಕ ಹೋಗಲಿ? ನನಗೇನು ಮನಿ ಇಲ್ಲೇನು?”

ಮತ್ತೆ ನಗು. ಪಂಚರಲ್ಲಿ ಹಿರಿಯ ಈಶಪ್ಪ ಮಾತ್ರ ನಗಲಿಲ್ಲ. ಅವನು ಕಬ್ಬಿನ ಗಾಣ ನಡೆಸುವವನು. ಎರಡು ಹಂಗಾಮು ಮಾಳಿಂಗಪ್ಪ ಅವನ ಗಾಣದಲ್ಲಿ ಒಲೆಗೆ ಬೆಂಕಿ ಹಾಕಿದ್ದ. “ಹದಿನೈದ ದಿವಸ ಕೊಡೂಣ,” ಎಂದ ಈಶಪ್ಪ. “ಅಷ್ಟರಾಗ ಹೊರಗಿನ ಮಂದಿ ಬಂದು, ನೋಡಿ, ಚಲೋ ಅದ ಅಂತ ಇದೇ ಕಟ್ಟಿಗಿ ಬಂದು ಹೇಳಿ ಹೋದ್ರ ಗಿಡ ಉಳೀಲಿ. ಇಲ್ಲಂದ್ರ ಕೊಡಲಿ ಬೀಳಲಿ. ಆತಿಲ್ಲೋ, ತಮ್ಮಾ?”

“ಆತ್ರಿ,” ಎಂದ ಮಾಳಿಂಗಪ್ಪ. ಹಲ್ಲು ಕಚ್ಚಿಕೊಂಡಿದ್ದರಿಂದ ಅದು ‘ತ್ರಿ’ ಅಂತಷ್ಟೇ ಕೇಳಿಸಿತು.

ರಾಜ್ಯಗಳನ್ನು ಹಂಚಿದಾಗ ಊರು ಈಚೆಗೆ, ತೆಲುಗಿನವರ ಪಾಲಿಗೆ ಬಿತ್ತು. ಕನ್ನಡದ ಮಾಸ್ತರ ನಾಲ್ಕು ವರ್ಷ ತಡೆದು, ಒಂದು ದಿನ ಟ್ರಂಕು ಹೊತ್ತುಕೊಂಡು ಬೀದರದ ಕಡೆ ಹೋಗಿಬಿಟ್ಟ. ಬಂದವನು ತೆಲುಗಿನವನು. ಅಕ್ಷರಗಳು ನೋಡಲು ಅಕ್ಕತಂಗಿಯರ ಹಾಗೆ; ಬರೆಯಹೋದರೆ ಅಕ್ಕನ ಸೆರಗು ತಂಗಿಗೆ, ತಂಗಿಯ ಬೊಟ್ಟು ಅಕ್ಕನಿಗೆ. ನಾಲ್ಕನೇ ಜಮಾತಿನಲ್ಲಿ ಓದುತ್ತಿದ್ದ ಮಾಳಿಂಗಪ್ಪ ಒಂದೇ ಶಬ್ದದಲ್ಲಿ ಎರಡು ರಾಜ್ಯ ಬರೆದ. ಹೊಸ ಮಾಸ್ತರ ಪಾಟಿಯನ್ನು ಅವನ ತಲೆಗೆ ಬಡಿದ, ಪಾಟಿ ಒಡೆಯಿತು. ತಲೆ ಒಡೆಯಲಿಲ್ಲವಾದರೂ ಒಳಗೆ ಏನೋ ಹೊತ್ತಿಕೊಂಡಿತು. ದೊಡ್ಡ ಚೂರನ್ನು ಎತ್ತಿಕೊಂಡು ಹೊರಟವನು ತಿರುಗಿ ಸಾಲಿಗೆ ಹೋಗಲಿಲ್ಲ. ಮರುದಿನದಿಂದ ಕುರಿ, ಮತ್ತು ಬೇಸಿಗೆಯಲ್ಲಿ ನೀರು ಸಣ್ಣಗಾದಾಗ ಗಡ್ಡಿ.

ಅವನಿಗೆ ಸಿಟ್ಟಿಲ್ಲದ ಜಾಗ ಅಂದರೆ ಅದೊಂದೇ. ಅಲ್ಲೊಂದು ಬಂಡೆಯಿದೆ, ಅದರ ಮುಂದೆ ನಿಂತು ಕೂಗಿದರೆ ಎರಡು ಸಲ ತಿರುಗಿ ಕೂಗುತ್ತದೆ. ಊರಲ್ಲಿ ಯಾರು ಏನೇ ಅಂದಿರಲಿ, ಆಗ ಬಾಯಿಗೆ ಬಾರದ ಉತ್ತರವನ್ನು ಮಾಳಿಂಗಪ್ಪ ಆ ಬಂಡೆಗೆ ಹೋಗಿ ಕೊಡುತ್ತಿದ್ದ. ಬಂಡೆ ಅದನ್ನು ಅವನಿಗೇ ಎರಡು ಪಟ್ಟು ಮಾಡಿ ಕೊಡುತ್ತಿತ್ತು. ಆಮೇಲೆ ಊಟ ಸೇರುತ್ತಿತ್ತು.

ದಾಟಿಸಲು ದೋಣಿ ಇರಲಿಲ್ಲ. ಈಶಪ್ಪನ ಗಾಣದಲ್ಲಿ ಬೆಲ್ಲ ಕಾಯಿಸುವ ಹಳೆಯ ಕೊಪ್ಪರಿಗೆಯೊಂದು ತಳ ಸುಟ್ಟು ಮೂಲೆಗೆ ಬಿದ್ದಿತ್ತು. ಅಗಲವಾದ ಕಬ್ಬಿಣದ ಕೊಪ್ಪರಿಗೆ. ನಾಲ್ಕು ಮಂದಿ ಬೆನ್ನಿಗೆ ಬೆನ್ನು ಕೊಟ್ಟು ಕೂಡಬಹುದು. ಪ್ರವಾಹದ ಕಾಲಕ್ಕೆ ಈ ಸೀಮೆಯಲ್ಲಿ ಎಲ್ಲರೂ ದಾಟುವುದು ಇಂಥವುಗಳಲ್ಲೇ. ಮಾಳಿಂಗಪ್ಪ ಅದಕ್ಕೆ ತಗಡು ಬಡಿದು, ಡಾಂಬರು ಬಳಿದು, ಒಂದು ಬಿದಿರ ಗಳ ಕಡಿದುಕೊಂಡ.

ಇನ್ನು ಬೋರ್ಡು. ಮುಕ್ಕಾದ ತಾಂಡೂರು ಕಲ್ಲಿನ ಚಪ್ಪಡಿಯೊಂದನ್ನು ಹೊತ್ತು ತಂದು, ಡಾಂಬರು ರಸ್ತೆಯಿಂದ ಹೊಳೆಯ ದಾರಿ ಒಡೆಯುವಲ್ಲಿ, ಬೇವಿನ ಕಟ್ಟೆಗೆ ಹತ್ತು ಹೆಜ್ಜೆ ಆಚೆ ನಿಲ್ಲಿಸಿದ. ನೀಲಿಗಪ್ಪು ಕಲ್ಲು, ದೊಡ್ಡ ಪಾಟಿಯಂತೆಯೇ ಇತ್ತು. ಸುಣ್ಣ ಕಲೆಸಿ, ಜಾಲಿಯ ಕಡ್ಡಿಯನ್ನು ಜಜ್ಜಿ ಕುಂಚ ಮಾಡಿ ಬರೆದ: ಗಡ್ಡಿ ನೋಡ ಬರ್ರಿ. ಕೊಪ್ಪರಿಗಿ ಅದ.

ಮೂರನೇ ದಿನ ಇಬ್ಬರು ಖಾಲಿ ಬಂಡಿ ಹೊಡೆದುಕೊಂಡು ಬಂದರು. ತೆಲುಗಿನ ಕಡೆಯವರು. “ಗಡ್ಡಿ ಎಂತ?” ಎಂದರು, ಎಷ್ಟು ಅಂತ. ನಾಲ್ಕೈದು ಎಕರೆ ಅಂತ ಮಾಳಿಂಗಪ್ಪ ಹೇಳಿದ. ಎಕರೆ ಬೇಡ, ಹೊರೆಗೆ ಎಷ್ಟು ಹೇಳು ಅಂದರು. ಆಗ ಹೊಳೆಯಿತು: ತೆಲುಗಿನಲ್ಲಿ ಗಡ್ಡಿ ಅಂದರೆ ಹುಲ್ಲು. ಅವರು ಎತ್ತಿಗೆ ಮೇವು ಕೊಳ್ಳಲು ಬಂದಿದ್ದರು.

ಚಹಾದಂಗಡಿಯ ಬೆಂಚಿಗೆ ಎರಡು ದಿನಕ್ಕಾಗುವಷ್ಟು ನಗು ಸಿಕ್ಕಿತು. “ಕುರಿ ಕಾಯವ ಹುಲ್ಲ ಮಾರಾಕ ನಿಂತಾನ. ಕುರಿಗೇನ ಹಾಕ್ತಾನ, ಸುಣ್ಣ?”

ಮಾಳಿಂಗಪ್ಪ ಕಲ್ಲು ತೊಳೆದ. ಮನೆಯಲ್ಲಿ ಅವ್ವ ಭೀಮವ್ವ ರೊಟ್ಟಿ ತಟ್ಟುತ್ತಿದ್ದಳು. ಅವನ ಮುಖ ನೋಡಿ, “ಬಾ, ಇಲ್ಲಿ ಕೂಡು. ಕಟಗಿ ತೀರ್ಯಾವ. ನಿನ್ನ ಸಿಟ್ಟಿನ ಮ್ಯಾಲೇ ನಾಕ ರೊಟ್ಟಿ ಸುಟ್ಟಕೋತೀನಿ,” ಎಂದಳು. ಆಮೇಲೆ ಅವಳೇ ನೆನಪಿಸಿದಳು: “ನಿಮ್ಮಪ್ಪ ಅದಕ್ಕ ಬೇಟ ಅಂತಿದ್ದನಲ್ಲೋ.” ಅಪ್ಪ ಕುರಿ ಹೊಡೆದುಕೊಂಡು ಉದಗೀರದ ತನಕ ಹೋಗುತ್ತಿದ್ದವನು, ಮರಾಠಿಯವರ ಮಾತು ಅವನ ನಾಲಗೆಗೆ ಹತ್ತಿತ್ತು. ಅವರಲ್ಲಿ ಬೇಟ ಅಂದರೆ ನೀರಿನ ನಡುವಿನ ನೆಲ. ಹುಲ್ಲಿನ ತಂಟೆ ಇಲ್ಲ. ಮಾಳಿಂಗಪ್ಪ ಮತ್ತೆ ಸುಣ್ಣ ಕಲೆಸಿ, ಒಂದೊಂದೇ ಅಕ್ಷರವನ್ನು ಉಸಿರು ಬಿಗಿಹಿಡಿದು ಬರೆದ: ಬೇಟ ನೋಡ ಬರ್ರಿ.

ಹತ್ತನೇ ದಿನ ಕಳೆಯಿತು, ಯಾರೂ ಬರಲಿಲ್ಲ. ಹನ್ನೊಂದು, ಹನ್ನೆರಡು. ಕೊಡಲಿಯವರಿಗೆ ಹೇಳಿಕಳಿಸಿದ್ದೂ ಆಯಿತು ಎಂದು ಸುದ್ದಿ ಬಂತು.

ಹದಿನಾಲ್ಕನೇ ದಿನ ಐತ್ವಾರ. ಬಿಸಿಲೇರುವ ಹೊತ್ತಿಗೆ ಧೂಳೆಬ್ಬಿಸಿಕೊಂಡು ಜೀಪೊಂದು ಹೊಳೆಯ ದಾರಿಗೆ ಇಳಿಯಿತು. ಜಹೀರಾಬಾದಿನಲ್ಲಿ ಬಟ್ಟೆಯಂಗಡಿ ಇಟ್ಟ ಆತ್ಮಾರಾಮ ಮತ್ತು ಅವನ ಹೆಂಡತಿ ಉಮಾಬಾಯಿ. ಅವನು ತಲೆಗೆ ಟೊಪ್ಪಿಗೆ, ಕಾಲಿಗೆ ಬೂಟು ಹಾಕಿ ತಯಾರಾಗಿ ಬಂದಿದ್ದ. ಕಂಕುಳಲ್ಲಿ ರಗ್ಗು ಸುತ್ತಿದ ಉದ್ದನೆಯ ಗಂಟು. ಹಾಸಿಕೊಳ್ಳಲು ಏನೋ ತಂದಿದ್ದಾರೆ ಅಂದುಕೊಂಡ ಮಾಳಿಂಗಪ್ಪ. ಅವಳ ಕೈಯಲ್ಲಿ ಊಟದ ಡಬ್ಬಿಗಳು. ಮಾಳಿಂಗಪ್ಪನ ಎದೆ ಗಾಣದ ಎತ್ತಿನ ಹಾಗೆ ಸುತ್ತು ಹೊಡೆಯಿತು. ಬಂದರು! ಹೊರಗಿನ ಮಂದಿ ಬಂದರು!

“ಬೆನ್ನಿಗಿ ಬೆನ್ನು ಕೊಟ್ಟು ಕೂಡ್ರಿ. ನಡುವ ಎದ್ದ ನಿಂದರಬ್ಯಾಡ್ರಿ,” ಎಂದು ಇಬ್ಬರನ್ನೂ ಕೂಡಿಸಿ ಗಳ ಹಾಕಿದ.

ನೀರಿನ ನಡುವಿಗೆ ಬಂದಾಗ ಆತ್ಮಾರಾಮ ಕೇಳಿದ: “ಬೇಟೆ ಎಲ್ಲದಪ್ಪಾ?”

“ಎದುರಿಗೇ ಅದಲ್ರಿ, ಬೇಟ.”

“ಎಲ್ಲಿ? ನನಗ ಗಿಡಾ ಬಿಟ್ಟು ಏನೂ ಕಾಣವಲ್ಲದು.”

“ಗಿಡಾ ಇದ್ದದ್ದೇ ಬೇಟರಿ.”

“ಗಿಡದ ಹಿಂದ ಅಡಗ್ಯದೇನು? ದೊಡ್ಡದದೇನು?”

“ನಾಕೈದ ಎಕರೆ ಅದರಿ.”

“ನಾಕೈದ ಎಕರೆ!” ಆತ್ಮಾರಾಮನ ದನಿ ಏರಿತು. “ಅದೆಂಥಾ ಪ್ರಾಣಿಯೋ ಮಾರಾಯಾ?” ಅನ್ನುತ್ತಲೇ ರಗ್ಗು ಬಿಚ್ಚಿದ. ಒಳಗಿಂದ ಜೋಡುನಳಿಗೆಯ ಬಂದೂಕು ಬಂತು.

ಮಾಳಿಂಗಪ್ಪನ ಕೈ ಗಳದ ಮೇಲೆಯೇ ನಿಂತಿತು. ಕಲ್ಲಿನ ಮೇಲೆ ತಾನು ಬರೆದದ್ದು ಕಣ್ಣ ಮುಂದೆ ಬಂತು. ಏನು ಬರೆದೆ? ಬೇಟವೋ, ಬೇಟೆಯೋ? ಅಕ್ಕನ ಸೆರಗು ಮತ್ತೆ ತಂಗಿಗೆ ಹಾಕಿದೆನೇ? ಆ ಕೊಕ್ಕರೆಗಳನ್ನು ಉಳಿಸಲು ಹೋಗಿ, ತನ್ನ ಕೈಯಾರೆ ಬಂದೂಕನ್ನು ಕರೆದು, ತನ್ನ ಕೊಪ್ಪರಿಗೆಯಲ್ಲೇ ದಾಟಿಸುತ್ತಿದ್ದೇನೆ. ಹಿಂದಕ್ಕೆ ತಿರುಗಿಸಿದರೆ ಇವರು ಕಟ್ಟೆಗೆ ಹೋಗಿ ಬೈದು ಹೋಗುತ್ತಾರೆ, ನಾಳೆ ಕೊಡಲಿ. ಮುಂದಕ್ಕೆ ಹೋದರೆ ಇವತ್ತೇ ಗುಂಡು. ನಾಕ ಜಮಾತ! ಥೂ.

ದಡದ ಕಡೆಯಿಂದ ಎರಡು ಕೊಕ್ಕರೆ ಎದ್ದು ನೀರ ಮೇಲೆ ತಗ್ಗಿನಲ್ಲಿ ಹಾರಿ ಬಂದವು. ಆತ್ಮಾರಾಮ ಬಂದೂಕಿನ ನಳಿಗೆ ಬಾಗಿಸಿ ಎರಡು ಗುಂಡಿನ ತೋಟಾ ತುರುಕಿದ, ಹೆಗಲಿಗೇರಿಸಿದ.

ಮಾಳಿಂಗಪ್ಪ ಗಳವನ್ನು ನೀರಿನಿಂದ ಎತ್ತಿಬಿಟ್ಟ.

ದುಂಡನೆಯ ಕೊಪ್ಪರಿಗೆಗೆ ಮುಂದಿಲ್ಲ, ಹಿಂದಿಲ್ಲ. ಗಳದ ಹಿಡಿತ ತಪ್ಪಿತೋ, ಅದು ತಿರುಗುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಬೀಸುವ ಕಲ್ಲಿನ ಹಾಗೆ. ಬಂದೂಕಿನ ಮೂತಿ ಕೊಕ್ಕರೆಯನ್ನು ತೋರಿಸಿತು, ಊರನ್ನು ತೋರಿಸಿತು, ತನ್ನದೇ ಜೀಪನ್ನು ತೋರಿಸಿತು, ಮತ್ತೆ ಖಾಲಿ ಆಕಾಶಕ್ಕೆ ಬಂತು.

“ಏ, ಏ! ನಿಂದ್ರಸಲೇ! ತಲಿ ತಿರಗಲಕತ್ತದ!”

“ಇದು ಬೆಲ್ಲದ ಕೊಪ್ಪರಿಗಿರಿ,” ಎಂದ ಮಾಳಿಂಗಪ್ಪ, ಗಳವನ್ನು ಅಡ್ಡ ಇಟ್ಟುಕೊಂಡು ಕೂತು. “ಒಂದ ಬಾರ ಹಾರಿಸಿದ್ರಿ ಅಂದ್ರ ಬಂದೂಕ ಹಿಂದ ಒದೀತದ, ಮೂವರೂ ನೀರಾಗ. ಅಲ್ಲಿ ಹಾಸಗಲ್ಲಿನ ಮ್ಯಾಲ ಒಬ್ಬಾಕಿ ಮಲಗ್ಯಾಳ ನೋಡ್ರಿ.”

ಮುಂದಿನ ಸುತ್ತಿನಲ್ಲಿ ಹಾಸುಗಲ್ಲು ಎದುರಾಯಿತು. ಅದರ ಮೇಲೆ ಆಳುದ್ದದ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

“ಅವ್ವಯ್ಯ!” ಅಂದಳು ಉಮಾಬಾಯಿ. ಆಮೇಲೆ, ಇಬ್ಬರೂ ನಿರೀಕ್ಷಿಸದ ಹಾಗೆ, ಕಿಲಕಿಲ ನಕ್ಕಳು. “ರೀ, ಆ ಹುಡುಗ ಬೇಟೆ ಅನ್ನವಲ್ಲ, ಬೇಟ ಅನ್ನಲಕತ್ಯಾನ. ನಮ್ಮ ತವರು ಉದಗೀರದಾಗ ಹಿಂಗ ಅಂತಾರ. ನೀರಾಗಿನ ನೆಲಕ್ಕ. ನಾಕೈದ ಎಕರೆ ಪ್ರಾಣಿ ಅಂತ, ಪ್ರಾಣಿ!” ನಗುತ್ತಲೇ ಕೈಚಾಚಿದಳು. “ಕೊಡ್ರಿ ಇಲ್ಲಿ ಆ ತೋಟಾ. ಹೋಳಗಿ ಡಬ್ಬಿಯೊಳಗ ಇಡ್ತೀನಿ.”

ಆತ್ಮಾರಾಮನ ಮುಖ ಆಗಲೇ ಹಸುರಾಗಿತ್ತು. ಬಂದೂಕಿನಿಂದ ತೋಟಾ ತೆಗೆದ, ಕಿಸೆಯಲ್ಲಿದ್ದದ್ದನ್ನೂ ಸೇರಿಸಿ ಕೊಟ್ಟ. ಡಬ್ಬಿಯ ಮುಚ್ಚಳ ಟಪ್ಪೆಂದಿತು. ಮಾಳಿಂಗಪ್ಪ ಗಳ ಹಾಕಿದ. ಕೊಪ್ಪರಿಗೆ ಏನೂ ಆಗದಂತೆ ನೆಟ್ಟಗೆ ನಡೆಯಿತು.

ಇಳಿದ ಮೇಲೂ ಮಾಳಿಂಗಪ್ಪನ ಸಿಟ್ಟು ಇಳಿಯಲಿಲ್ಲ. ಮುಂದೆ ಮುಂದೆ ನಡೆದ. “ತಮ್ಮಾ, ಹೇಳು, ಏನೇನದ ಇಲ್ಲಿ?” ಅಂತ ಉಮಾಬಾಯಿ ಕೇಳಬೇಕಾಯಿತು. ಕೇಳಿದ್ದೇ ತಡ, ಎಷ್ಟೋ ವರ್ಷದ್ದು ಒಳಗೆ ಕೂಡಿಟ್ಟದ್ದೆಲ್ಲ ಬಂತು. ಮರಳಿನಲ್ಲಿ ಮೊಣಕೈ ಆಳ ಕೆದರಿ ಒರತೆ ತೆಗೆದ. ಬೊಗಸೆ ತುಂಬುವ ತನಕ ತಡೆಯಲು ಹೇಳಿ, ಕುಡಿಸಿದ. ಆಮೆಗಳು ಸಾಲಾಗಿ ಕೂತ ದಿಮ್ಮಿಯನ್ನು ತೋರಿಸಿ, ಕೆಮ್ಮಿದ. ಅವು ಒಂದರ ಹಿಂದೊಂದು ನಾಣ್ಯ ಬಿದ್ದಂತೆ ಬುಳುಕ್ ಬುಳುಕ್ ಬಿದ್ದವು. ಮಳೆಗಾಲದ ನೀರು ಸವೆಸಿ ಸವೆಸಿ ನುಣುಪು ಮಾಡಿದ ಇಳಿಜಾರು ಕಲ್ಲಿನ ಮೇಲೆ ಜಾರಿ ತೋರಿಸಿದ. ಬಟ್ಟೆಯಂಗಡಿಯ ಆತ್ಮಾರಾಮ ಆಚೆಯೀಚೆ ನೋಡಿ, ಟೊಪ್ಪಿಗೆ ತೆಗೆದಿಟ್ಟು, ತಾನೂ ಜಾರಿದ. ಹೊಸ ಪ್ಯಾಂಟು ಹರಿಯಿತು.

“ಛೀ, ಅಂಗಡಿಯಾಗಿನ ಚಲೋ ಮಾಲೇ ಹಾಕ್ಕೊಂಡ ಬಂದೀನಿ,” ಎಂದು ತಾನೇ ನಕ್ಕ.

ಕೂಗುವ ಬಂಡೆಯ ಮುಂದೆ ಉಮಾಬಾಯಿ ಬಹಳ ಹೊತ್ತು ನಿಂತಳು. ಕೊನೆಗೆ “ಉಮೇ!” ಎಂದು ಕೂಗಿದಳು. ಉಮೇ, ಉಮೇ, ಎಂದಿತು ಬಂಡೆ. “ನಮ್ಮ ಅಜ್ಜ ಹಿಂಗೇ ಕರೀತಿದ್ದ,” ಎಂದು ಮೆಲ್ಲಗೆ ಹೇಳಿ ಇನ್ನೊಮ್ಮೆ ಕೂಗಿದಳು.

ಹುಣಸೆಯ ನೆರಳಲ್ಲಿ ಭೀಮವ್ವ, ಯಾರಾದರೂ ಬಂದಾರೆಂದು ಮುಂಜಾನೆಯೇ ಮಗನ ಕೊಪ್ಪರಿಗೆಯಲ್ಲಿ ದಾಟಿ ಬಂದು ಕೂತು, ಹಾಲುಗಾಳಿನ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಡುತ್ತಿದ್ದಳು. ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಸೀತನಿಯನ್ನು ಅವರ ಬೊಗಸೆಗೆ ಸುರಿದಳು. ಜೊತೆಗೆ ಬೆಲ್ಲ, ಖಾರದ ಶೇಂಗಾ ಹಿಂಡಿ. ತಿನ್ನುತ್ತ ಆತ್ಮಾರಾಮ ತಲೆಯೆತ್ತಿ ನೋಡಿದ. ಆಗಲೇ ಕಂಡದ್ದು.

ಜಾಲಿಗಳ ತುಂಬ ಗೂಡು. ಗೂಡಿನ ತುಂಬ ಮಬ್ಬು ಬಿಳುಪಿನ ಮರಿಗಳು. ನೆತ್ತಿಯ ಬಿಸಿಲು ಚುರುಗುಟ್ಟುತ್ತಿತ್ತು. ಒಂದೊಂದು ಗೂಡಿನಲ್ಲೂ ಒಂದೊಂದು ದೊಡ್ಡ ಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಎರಡನ್ನೂ ಅಗಲಕ್ಕೆ ಬಿಡಿಸಿ, ಮರಿಗಳಿಗೆ ನೆರಳು ಹಿಡಿದು ನಿಂತಿತ್ತು. ಅಲುಗುತ್ತಿರಲಿಲ್ಲ. ಬಾಲದ ಕಡೆಯ ಗರಿಗಳಲ್ಲಿ ಎಳೆ ಗುಲಾಬಿ.

“ಅರಿವಿ ಥಾನ ಬಿಚ್ಚಿ ಹಿಡಿದಂಗ ಅದ,” ಎಂದ ಆತ್ಮಾರಾಮ ಮೆಲ್ಲಗೆ. “ಇಂಥಾ ಬಣ್ಣ ನಮಗ ಎಂದೂ ಬಂದಿಲ್ಲ ನೋಡು. ಎಷ್ಟ ಹೊತ್ತ ನಿಂದ್ರತಾವ ಹಿಂಗ?”

“ಹೊತ್ತ ಇಳಿಯೂ ತನಕರಿ. ಒಂದಕ್ಕ ದಣಿವಾದ್ರ ಇನ್ನೊಂದು ಬಂದು ನಿಂದ್ರತದ.”

ಆತ್ಮಾರಾಮ ಬಂದೂಕನ್ನು ಹುಣಸೆಯ ಕೊಂಬೆಗೆ ನೇತುಹಾಕಿದ. ಅದರ ಮೇಲೆ ಕೋಟು ಹಾಕಿದ. ಅಂಗಾತ ಮಲಗಿ, ಮಧ್ಯಾಹ್ನವೆಲ್ಲ ಮೇಲೆ ನೋಡುತ್ತಲೇ ಇದ್ದ. ಹೊರಟು ಅರ್ಧ ಹೊಳೆ ದಾಟಿದ ಮೇಲೆ ಉಮಾಬಾಯಿ, “ರೀ, ನಿಮ್ಮ ಬಂದೂಕ?” ಅಂದಳು. ಕೋಟು ತಂದಿದ್ದ, ಬಂದೂಕು ಕೊಂಬೆಯಲ್ಲೇ ಉಳಿದಿತ್ತು. ಕೊಪ್ಪರಿಗೆ ತಿರುಗಿ ಹೋಗಬೇಕಾಯಿತು. ಮಾಳಿಂಗಪ್ಪನಿಗೆ ಆ ದಿನ ಮೊದಲ ಸಲ ನಗು ಬಂತು. ಅದನ್ನು ನೀರಿನ ಕಡೆ ತಿರುಗಿ ನಕ್ಕ.

ಜೀಪು ಡಾಂಬರು ರಸ್ತೆಗೆ ಏರಿದಾಗ ಕಟ್ಟೆಯ ಮೇಲೆ ಪಂಚಾಯ್ತಿ ಕೂತೇ ಇತ್ತು. ತಾಂಡೂರಿನ ಗುತ್ತೇದಾರನೂ ಬಂದು ಕೂತಿದ್ದ. ಬೆಂಚು ತುಂಬಿತ್ತು. ಗಳ ಹೊತ್ತು ಜೀಪಿನ ಹಿಂದೆ ನಿಂತಿದ್ದ ಮಾಳಿಂಗಪ್ಪ ಹಾರಿ ಇಳಿದ. ಉಮಾಬಾಯಿ ಯಾರೂ ಕೇಳುವ ಮೊದಲೇ ಕಟ್ಟೆಗೆ ಬಂದು, “ಚಲೋ ಅದರಿ ನಿಮ್ಮ ಬೇಟ. ಮುಂದಿನ ಐತ್ವಾರ ನಮ್ಮ ಓಣಿ ಹೆಣಮಕ್ಕಳನೆಲ್ಲ ಕರಕೊಂಡ ಬರ್ತೀನಿ. ಸೀತನಿ ಮುಗಿಸಬ್ಯಾಡ್ರಿ,” ಎಂದಳು.

ಈಶಪ್ಪ ಗುತ್ತೇದಾರನ ಕಡೆ ನೋಡಿ, “ಕೇಳಿದಿರಲ್ರಿ. ಗಿಡ ಉಳೀತು. ನೀವು ಚಹಾ ಕುಡದು ಹೋಗ್ರಿ,” ಎಂದ.

ಆತ್ಮಾರಾಮ ಮಾತ್ರ ಕಲ್ಲಿನ ಮುಂದೆ ನಿಂತಿದ್ದ. “ಎಲ್ಲಾ ಖರೆ, ಆದ್ರ ಈ ಬೋರ್ಡ ಬರದವ ಯಾರು? ಬೇಟೆ ಅಂತ ಬರದು ನನ್ನ ಕೈಲಿ ಬಂದೂಕ ತರಿಸ್ಯಾನ. ಇನ್ನ ಸ್ವಲ್ಪದರಾಗ ಹಕ್ಕಿ ಹೊಡೀತಿದ್ದೆ, ಇಲ್ಲಂದ್ರ ಮೊಸಳಿಗಿ ಊಟಾಗ್ತಿದ್ದೆ.”

ಮಾಳಿಂಗಪ್ಪ ಹೋಗಿ ನೋಡಿದ. ಬೇಟೆ. ಹೌದು, ಬೇಟೆ ಅಂತಲೇ ಇತ್ತು. ಆದರೆ ‘ಟ’ದ ತಲೆಯ ಮೇಲಿನ ಸುರುಳಿ ತನ್ನದಲ್ಲ. ತನ್ನ ಅಕ್ಷರ ಸುಣ್ಣದ್ದು, ದಪ್ಪ, ಒಣಗಿ ಬಿರುಕು ಬಿಟ್ಟದ್ದು. ಸುರುಳಿ ತೆಳ್ಳಗೆ, ಪುಡಿಪುಡಿಯಾಗಿ, ಖಡುವಿನಿಂದ ಬರೆದದ್ದು. ಸಾಲಿಯ ಖಡು, ಸೀಮೆಸುಣ್ಣ.

“ಅಂವ ತಪ್ಪ ಬರದಿದ್ದರಿ!” ಎಂದ ಕಾಶಿರಾಮ ಕಟ್ಟೆಯಿಂದಲೇ, ಎದೆಯುಬ್ಬಿಸಿ. “ಬೇಟ ಅಂತ ಇತ್ತು. ಅದ್ಯಾವ ಮಾತು ಬೇಟ? ಊರ ಮರ್ಯಾದಿ ಹೋಗ್ತದಂತ ನಾನೇ ಸುಧಾರಸಿದೆ. ನಾ ಏಳನೇ ಜಮಾತ ಪಾಸಾದವ.”

ಚಹಾದಂಗಡಿಯ ಸಾಬಮ್ಮ ಒಲೆಯ ಮುಂದಿಂದಲೇ ದನಿ ತೆಗೆದಳು: “ಹಂಗಾದ್ರ ನಾಕನೇ ಜಮಾತದವ ನೆಟ್ಟಗೇ ಕರದಿದ್ದ. ಏಳನೇ ಜಮಾತದವರು ಬಂದೂಕ ಕರಸ್ಯಾರ. ಭೇಷಾತು!”

ಬೆಂಚು ಬಿದ್ದು ಬಿದ್ದು ನಕ್ಕಿತು. ಈಶಪ್ಪನೂ ನಕ್ಕ. ಕಾಶಿರಾಮ ಕೆಂಪಾದ. ಅವನಿಗೆ ಈಗ ಯಾರ ಮೇಲಾದರೂ ಏರಿ ಹೋಗಬೇಕಿತ್ತು. “ಏ ನಾಕ ಜಮಾತ!” ಎಂದು ಕೂಗಿದ. “ಬೇಟ ಅಂದ್ರ ಏನಂತ ಮೊದಲೇ ನನಗ ಬಂದು ಹೇಳಬಾರದಿತ್ತೇನು? ಬಾಯಿಲ್ಲೇನು ನಿನಗ? ಈಗರ ಹೇಳಲೇ!”

ಎಲ್ಲರೂ ಮಾಳಿಂಗಪ್ಪನ ಕಡೆ ತಿರುಗಿದರು. ಉತ್ತರ ಇರಲಿಲ್ಲವೆಂದಲ್ಲ. ಹದಿನಾಲ್ಕು ದಿನ ಅರೆದು ಅರೆದು ಇಟ್ಟ ಉತ್ತರ ನಾಲಗೆಯ ತುದಿಗೇ ಬಂದು ಕೂತಿತ್ತು. ಬಂಡೆಗೂ ಕೊಟ್ಟಿರದ ಉತ್ತರ. ಅದನ್ನು ಅಲ್ಲೇ ಬಿಟ್ಟು, ಹೊಳೆಯ ನೀರು ಇನ್ನೂ ಆರದ ಹೆಬ್ಬೆರಳನ್ನು ಕಲ್ಲಿಗೆ ಒತ್ತಿ, ‘ಟ’ದ ತಲೆಯ ಮೇಲಿನ ಸುರುಳಿಯನ್ನು ಒಂದೇ ಎಳೆತಕ್ಕೆ ಒರೆಸಿದ. ಖಡುವಿನ ಪುಡಿಯನ್ನು ಕಂಬಳಿಗೆ ತಿಕ್ಕಿಕೊಂಡ.

ಅವ್ವ ಇನ್ನೂ ಬೇಟದಲ್ಲೇ ಇದ್ದಳು. ಕೆಂಡ ಆರಿಸಿ, ತೆನೆಯ ದಂಟುಗಳನ್ನು ಹೊರೆ ಕಟ್ಟಿಟ್ಟು ಕಾಯುತ್ತಿರುತ್ತಾಳೆ. ಅವಳನ್ನು ದಾಟಿಸಬೇಕಿತ್ತು.

“ಏ! ನಿನಗೇ ಕೇಳಿದ್ದು ನಾ!” ಎಂದ ಕಾಶಿರಾಮ.

ಮಾಳಿಂಗಪ್ಪ ಗಳವನ್ನು ಹೆಗಲಿಗೇರಿಸಿಕೊಂಡು ಹೊಳೆಯ ದಾರಿ ಹಿಡಿದ.